ಬೈಗುಳವೇ ಬಿರುದಾದಾಗ: ಟೊಟೆನ್‌ಹ್ಯಾಮ್ ಅಭಿಮಾನಿಗಳ ‘ಯಿಡ್’ ಕೂಗಿನಿಂದ ಯಾರಿಗಾದರೂ ನೋವಾಗುತ್ತದೆಯೇ?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯಗಳನ್ನು ನಿದ್ದೆಗೆಟ್ಟು ನೋಡುವವರು ನಮ್ಮಲ್ಲೂ ಇದ್ದಾರೆ. ಮ್ಯಾಚ್ ಮುಗಿಯುವಷ್ಟರಲ್ಲಿ ಅದರ ತುಣುಕುಗಳು ರೀಲ್ಸ್, ಸ್ಟೇಟಸ್, ವಾಟ್ಸಾಪ್ ಗುಂಪುಗಳಿಗೆ ಬಂದುಬಿಡುತ್ತವೆ. ಲಂಡನ್ನಿನ ಟೊಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬಿನ ಮ್ಯಾಚುಗಳ ಕೆಲವು ತುಣುಕುಗಳಲ್ಲಿ ಸಾವಿರಾರು ಜನ ಒಟ್ಟಾಗಿ ‘ಯಿಡ್ ಆರ್ಮಿ’ ಎಂದು ಕೂಗುವುದು ಕೇಳಿಸುತ್ತದೆ.

ಈ ಕೂಗನ್ನು ಕೇಳಿದವರು ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಇದು ಯಹೂದಿಗಳಿಗೆ ಬಯ್ಯುವ ಮಾತು ಎನ್ನುವವರಿದ್ದಾರೆ. ಇದು ಯಹೂದಿಗಳ ಕ್ಲಬ್, ಅವರ ಹೆಸರನ್ನು ಅವರೇ ಕೂಗಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಇದು ಇಸ್ರೇಲ್ ಪರ ಘೋಷಣೆ ಎಂದು ಬರೆದು ಹಂಚುವವರೂ ಇದ್ದಾರೆ. ಈ ಮೂರರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಈ ಪದ ಎಲ್ಲಿಂದ ಬಂತು, ಅಭಿಮಾನಿಗಳು ಅದನ್ನು ಏಕೆ ಎತ್ತಿಕೊಂಡರು, ಅದರಿಂದ ನೋವಾಗುತ್ತದೆಯೇ, ಕಾನೂನು ಏನು ಹೇಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ವಿವರಿಸುವುದಕ್ಕಾಗಿ ಈ ಲೇಖನದಲ್ಲಿ ಆ ಪದವನ್ನು ಬರೆಯಬೇಕಾಗಿದೆ. ಇಂಗ್ಲೆಂಡಿನ ಪತ್ರಿಕೆಗಳು ಹಲವು ಬಾರಿ ಅದನ್ನು ಪೂರ್ತಿ ಬರೆಯದೆ ‘ವೈ ಪದ’ ಎಂದಷ್ಟೇ ಬರೆಯುತ್ತವೆ. ಅದರಿಂದಲೇ ವಿಷಯದ ಸೂಕ್ಷ್ಮ ನಿಮಗೆ ಗೊತ್ತಾಗಬಹುದು.

ಒಂದೇ ನೋಟದಲ್ಲಿ

• ‘ಯಿಡ್’ ಎಂಬುದು ಇಂಗ್ಲಿಷಿನಲ್ಲಿ ಯಹೂದಿಗಳನ್ನು ಹೀಗಳೆಯುವ ಪದ.
• ಎದುರಾಳಿ ತಂಡಗಳ ಅಭಿಮಾನಿಗಳು ಅದನ್ನು ಟೊಟೆನ್‌ಹ್ಯಾಮ್ ಬೆಂಬಲಿಗರ ಮೇಲೆ ಬೈಗುಳವಾಗಿ ಬಳಸಿದರು. ಬೆಂಬಲಿಗರು ಅದನ್ನೇ ತಮ್ಮ ಬಿರುದು ಮಾಡಿಕೊಂಡರು.
• ಹಾಗೆ ಮಾಡಿಕೊಂಡವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ. ವಿವಾದದ ಗಂಟು ಇರುವುದು ಇಲ್ಲೇ.
• 2022ರ ಫೆಬ್ರವರಿಯಲ್ಲಿ ಕ್ಲಬ್ ತಾನೇ ಈ ಪದವನ್ನು ಬಿಟ್ಟು ಮುಂದೆ ಸಾಗೋಣ ಎಂದು ಅಭಿಮಾನಿಗಳನ್ನು ಕೇಳಿಕೊಂಡಿತು.

ಈ ಪದದ ಮೂಲ ಅರ್ಥವೇನು?

ಯಿಡ್ಡಿಷ್ ಎಂಬುದು ಪೂರ್ವ ಮತ್ತು ಮಧ್ಯ ಯುರೋಪಿನ ಯಹೂದಿಗಳ ಮನೆಮಾತು. ಮಧ್ಯಯುಗದ ಜರ್ಮನ್ ಭಾಷೆಯಿಂದ ಬೆಳೆದದ್ದು, ಹೀಬ್ರೂ ಮತ್ತು ಸ್ಲಾವಿಕ್ ಭಾಷೆಗಳ ಪದಗಳನ್ನು ಸೇರಿಸಿಕೊಂಡದ್ದು, ಹೀಬ್ರೂ ಲಿಪಿಯಲ್ಲಿ ಬರೆಯುವಂಥದ್ದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಒಂದು ಕೋಟಿಗೂ ಹೆಚ್ಚು ಜನ ಈ ಭಾಷೆಯನ್ನು ಆಡುತ್ತಿದ್ದರು. ಆ ಭಾಷೆಯಲ್ಲಿ ‘ಯೀಡ್’ ಎಂದರೆ ಯಹೂದಿ, ಅಷ್ಟೇ. ಅದರಲ್ಲಿ ಬೈಗುಳವೇನೂ ಇಲ್ಲ. ಒಬ್ಬ ಯಹೂದಿ ಇನ್ನೊಬ್ಬನನ್ನು ಮರ್ಯಾದೆಯಿಂದ ಮಾತನಾಡಿಸುವಾಗಲೂ ಅದೇ ಪದ ಬಳಕೆಯಲ್ಲಿತ್ತು.

ಇಲ್ಲಿ ಕನ್ನಡ ಲಿಪಿ ನಮಗೆ ಒಂದು ಸಹಾಯ ಮಾಡುತ್ತದೆ. ಯಿಡ್ಡಿಷ್ ಆಡುವವರ ಬಾಯಲ್ಲಿ ಅದು ದೀರ್ಘ ಸ್ವರದ ‘ಯೀಡ್’. ಇಂಗ್ಲಿಷಿನಲ್ಲಿ ಬೈಗುಳವಾದಾಗ ಅದು ಹ್ರಸ್ವ ಸ್ವರದ ‘ಯಿಡ್’. ಒಂದು ಸ್ವರದ ವ್ಯತ್ಯಾಸದಲ್ಲಿ ಮನೆಯ ಮಾತು ಬೀದಿಯ ಬೈಗುಳವಾಗಿದೆ.

1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು ಹೆಚ್ಚಾದವು. ಅಲ್ಲಿಂದ ಬಂದ ದೊಡ್ಡ ಸಂಖ್ಯೆಯ ಬಡ ಕುಟುಂಬಗಳು ಲಂಡನ್ನಿನ ಪೂರ್ವ ಭಾಗವಾದ ಈಸ್ಟ್ ಎಂಡ್‌ನಲ್ಲಿ ನೆಲೆಸಿದವು. ಹೊಲಿಗೆ, ಮರಗೆಲಸ, ಸಣ್ಣ ಅಂಗಡಿಗಳು ಅವರ ಜೀವನೋಪಾಯವಾದವು. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಪದವನ್ನೇ ಅವರ ಮೇಲೆ ಎಸೆಯುವುದು ಅಲ್ಲಿ ಬೇರೂರಿತು. 1932ರಲ್ಲಿ ಓಸ್ವಾಲ್ಡ್ ಮೋಸ್ಲಿ ಬ್ರಿಟಿಷ್ ಫ್ಯಾಸಿಸ್ಟ್ ಒಕ್ಕೂಟವನ್ನು ಕಟ್ಟಿದ. ಅವನ ಕಪ್ಪಂಗಿ ಪಡೆಯವರು ಈಸ್ಟ್ ಎಂಡ್‌ನ ಬೀದಿಗಳಲ್ಲಿ ಈ ಪದವನ್ನು ಬಾಯ್ತುಂಬ ಬಳಸಿದರು. 1936ರ ಅಕ್ಟೋಬರ್ 4ರಂದು ಅವರ ಮೆರವಣಿಗೆಯನ್ನು ತಡೆಯಲು ಯಹೂದಿಗಳು, ಐರಿಷ್ ಕಾರ್ಮಿಕರು, ಎಡಪಕ್ಷಗಳವರು ಕೇಬಲ್ ಸ್ಟ್ರೀಟ್‌ನಲ್ಲಿ ಅಡ್ಡ ನಿಂತರು. ಆ ತಲೆಮಾರಿನ ಯಹೂದಿ ಕುಟುಂಬಗಳಿಗೆ ‘ಯಿಡ್’ ಎಂದರೆ ಮೊದಲು ನೆನಪಾಗುವುದು ಫುಟ್‌ಬಾಲ್ ಅಲ್ಲ, ಈ ಬೀದಿಗಳು.

ಟೊಟೆನ್‌ಹ್ಯಾಮ್ ನಿಜಕ್ಕೂ ಯಹೂದಿಗಳ ಕ್ಲಬ್ಬೇ?

ಅಲ್ಲ. 1882ರಲ್ಲಿ ಕ್ರಿಕೆಟ್ ಆಡುತ್ತಿದ್ದ ಶಾಲಾ ಹುಡುಗರು ಚಳಿಗಾಲದಲ್ಲೂ ಏನಾದರೂ ಆಡಬೇಕೆಂದು ಕಟ್ಟಿಕೊಂಡ ತಂಡ ಇದು. ಆ ಹುಡುಗರಲ್ಲಿ ಹಲವರು ಸ್ಥಳೀಯ ಚರ್ಚಿನ ಬೈಬಲ್ ತರಗತಿಗೆ ಹೋಗುತ್ತಿದ್ದವರು. ಕ್ಲಬ್ಬಿನ ಹುಟ್ಟಿಗೂ ಯಹೂದಿ ಸಮುದಾಯಕ್ಕೂ ಸಂಬಂಧವಿಲ್ಲ.

ಸಂಬಂಧ ಬೆಳೆದದ್ದು ಆಮೇಲೆ, ಪ್ರೇಕ್ಷಕರ ಮೂಲಕ. ಈಸ್ಟ್ ಎಂಡ್‌ನಿಂದ ಟೊಟೆನ್‌ಹ್ಯಾಮ್‌ಗೆ ಬಸ್ಸು, ಟ್ರಾಮ್, ರೈಲು ಸಿಗುತ್ತಿದ್ದವು. 1920 ಮತ್ತು 30ರ ದಶಕಗಳಲ್ಲಿ ಯಹೂದಿ ಕುಟುಂಬಗಳ ಮಕ್ಕಳು, ಯುವಕರು ಅಲ್ಲಿನ ವೈಟ್ ಹಾರ್ಟ್ ಲೇನ್ ಮೈದಾನಕ್ಕೆ ಮ್ಯಾಚ್ ನೋಡಲು ಬರತೊಡಗಿದರು. ಅನೇಕ ಕುಟುಂಬಗಳು ಉತ್ತರ ಲಂಡನ್ನಿಗೆ ವಾಸ ಬದಲಿಸಿದವು. ಯುರೋಪಿನ ಅತಿ ದೊಡ್ಡ ಸಂಪ್ರದಾಯನಿಷ್ಠ ಯಹೂದಿ ನೆಲೆಗಳಲ್ಲಿ ಒಂದಾದ ಸ್ಟ್ಯಾಮ್‌ಫರ್ಡ್ ಹಿಲ್ ಇಂದಿಗೂ ಕ್ರೀಡಾಂಗಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಆದರೆ ನೆರೆಯ ಆರ್ಸೆನಲ್ ಕ್ಲಬ್ಬಿಗೂ ಯಹೂದಿ ಅಭಿಮಾನಿಗಳು ಬಹಳ ಮಂದಿ ಇದ್ದಾರೆ. ಹೆಸರು ಅಂಟಿಕೊಂಡದ್ದು ಮಾತ್ರ ಟೊಟೆನ್‌ಹ್ಯಾಮ್‌ಗೆ.

ಇಲ್ಲಿ ಒಂದು ಘಟನೆಯನ್ನು ನೆನೆಯಬೇಕು. 1935ರ ಡಿಸೆಂಬರ್ 4ರಂದು ಇಂಗ್ಲೆಂಡ್ ಮತ್ತು ಜರ್ಮನಿ ತಂಡಗಳ ಮ್ಯಾಚನ್ನು ಇದೇ ವೈಟ್ ಹಾರ್ಟ್ ಲೇನ್‌ನಲ್ಲಿ ಇಡಲಾಯಿತು. ಹಿಟ್ಲರನ ಆಳ್ವಿಕೆ ಶುರುವಾಗಿ ಮೂರನೇ ವರ್ಷ. ಯಹೂದಿ ಸಂಘಟನೆಗಳು, ಕಾರ್ಮಿಕ ಸಂಘಗಳು ಪ್ರತಿಭಟಿಸಿದವು. ಆದರೂ ಮೈದಾನದ ಮೇಲೆ ಸ್ವಸ್ತಿಕದ ನಾಜಿ ಬಾವುಟ ಹಾರಿತು. ಪ್ರತಿಭಟನಕಾರನೊಬ್ಬ ಛಾವಣಿಗೆ ಹತ್ತಿ ಅದನ್ನು ಕೆಳಗಿಳಿಸಿದ. ಮ್ಯಾಚನ್ನು ಇಂಗ್ಲೆಂಡ್ 3-0 ಗೋಲುಗಳಿಂದ ಗೆದ್ದಿತು.

1980ರ ದಶಕದಿಂದ ಇತ್ತೀಚಿನವರೆಗೆ ಕ್ಲಬ್ಬನ್ನು ನಡೆಸಿದ ಇರ್ವಿಂಗ್ ಸ್ಕಾಲರ್, ಅಲನ್ ಶುಗರ್, ಡೇನಿಯಲ್ ಲೆವಿ ಮೂವರೂ ಯಹೂದಿಗಳು. ಜನರ ಕಲ್ಪನೆ ಗಟ್ಟಿಯಾಗಲು ಇದೂ ಕಾರಣ. ಆದರೆ 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಯಹೂದಿ ಧರ್ಮದವರೆಂದು ಬರೆಸಿಕೊಂಡವರು ಸುಮಾರು 2.71 ಲಕ್ಷ ಜನ, ಅಂದರೆ ಶೇ 0.5ರಷ್ಟು. 60,000ಕ್ಕೂ ಹೆಚ್ಚು ಜನ ಕೂರುವ ಟೊಟೆನ್‌ಹ್ಯಾಮ್‌ನ ಹೊಸ ಕ್ರೀಡಾಂಗಣದಲ್ಲಿ ಯಹೂದಿಗಳು ಅಲ್ಪಸಂಖ್ಯಾತರೇ.

ಬೈಗುಳ ಬಿರುದಾದದ್ದು ಹೇಗೆ?

1960ರ ದಶಕದಲ್ಲಿ ಬಿಬಿಸಿಯಲ್ಲಿ ಒಂದು ಹಾಸ್ಯ ಧಾರಾವಾಹಿ ಬಹಳ ಜನಪ್ರಿಯವಾಗಿತ್ತು. ಅದರ ಆಲ್ಫ್ ಗಾರ್ನೆಟ್ ಎಂಬ ಪಾತ್ರ ವೆಸ್ಟ್ ಹ್ಯಾಮ್ ತಂಡದ ಕಟ್ಟಾ ಅಭಿಮಾನಿ. ಕರಿಯರು, ವಲಸಿಗರು, ಯಹೂದಿಗಳು ಎಂದರೆ ಸದಾ ಹೀಗಳೆಯುವವ. ಟೊಟೆನ್‌ಹ್ಯಾಮ್ ಬೆಂಬಲಿಗರನ್ನು ‘ಯಿಡ್’ ಎಂದು ಕರೆಯುತ್ತಿದ್ದ. ಅಂಥ ಮನುಷ್ಯನನ್ನು ನೋಡಿ ಜನ ನಗಲಿ ಎಂಬುದು ಬರೆದವರ ಉದ್ದೇಶ. ಅವನ ಜೊತೆ ಸೇರಿ ನಕ್ಕವರೂ ಇದ್ದರು. ಆ ಪಾತ್ರ ಮಾಡಿದ ವಾರನ್ ಮಿಚೆಲ್ ಸ್ವತಃ ಯಹೂದಿ, ಜೊತೆಗೆ ಟೊಟೆನ್‌ಹ್ಯಾಮ್ ಅಭಿಮಾನಿ.

1970ರ ದಶಕದ ಹೊತ್ತಿಗೆ ಮೈದಾನಗಳಲ್ಲಿ ಮಾತು ನಗೆಯ ಗಡಿ ದಾಟಿತ್ತು. ಚೆಲ್ಸಿ, ವೆಸ್ಟ್ ಹ್ಯಾಮ್, ಆರ್ಸೆನಲ್ ಮುಂತಾದ ತಂಡಗಳ ಕೆಲವು ಅಭಿಮಾನಿಗಳು ಹಿಟ್ಲರನ ಹೆಸರು ಹಿಡಿದು ಕೂಗುತ್ತಿದ್ದರು. ಬಾಯಿಂದ ‘ಸ್ಸ್‌ಸ್’ ಎಂದು ಗಾಳಿ ಬಿಡುತ್ತಿದ್ದರು. ಅದು ಗ್ಯಾಸ್ ಚೇಂಬರಿನಲ್ಲಿ ವಿಷಾನಿಲ ಬಿಡುವ ಸದ್ದಿನ ಅಣಕ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಲಕ್ಷಾಂತರ ಮಂದಿ ಸತ್ತದ್ದು ಆ ಕೋಣೆಗಳಲ್ಲಿ. ಯುದ್ಧ ಮುಗಿದು ಆಗಿನ್ನೂ ಮೂವತ್ತು ವರ್ಷ. ಬಂಧುಗಳನ್ನು ಹಾಗೆ ಕಳೆದುಕೊಂಡವರು ಆ ಪ್ರೇಕ್ಷಕರ ಸಾಲಿನಲ್ಲೇ ಕೂತಿರುತ್ತಿದ್ದರು.

ಇದಕ್ಕೆ ಟೊಟೆನ್‌ಹ್ಯಾಮ್ ಬೆಂಬಲಿಗರು ಕಂಡುಕೊಂಡ ಉತ್ತರ ವಿಚಿತ್ರವಾಗಿತ್ತು. 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ ಯಹೂದಿಗಳು, ಯಹೂದಿಗಳಲ್ಲದವರು ಎಲ್ಲರೂ ಸೇರಿ, ಹೌದು, ನಾವು ಯಿಡ್‌ಗಳೇ, ಏನೀಗ ಎಂಬಂತೆ ಅದೇ ಪದವನ್ನು ಕೂಗತೊಡಗಿದರು. ಎಸೆದ ಕಲ್ಲನ್ನು ಹಿಡಿದು ಮನೆ ಕಟ್ಟಿಕೊಂಡ ಹಾಗೆ. ಮೆಚ್ಚಿನ ಆಟಗಾರನನ್ನು ‘ಯಿಡ್ಡೋ’ ಎಂದು ಕೂಗಿ ಹುರಿದುಂಬಿಸುವುದು ರೂಢಿಯಾಯಿತು.

ಬೈಗುಳವನ್ನು ಮರಳಿ ಪಡೆಯುವುದು ಕೆಲಸ ಮಾಡುತ್ತದೆಯೇ?

ಇದು ಫುಟ್‌ಬಾಲಿಗೆ ಮಾತ್ರ ಸೇರಿದ್ದಲ್ಲ. 1906ರಲ್ಲಿ ಬ್ರಿಟನ್ನಿನ ಡೈಲಿ ಮೇಲ್ ಪತ್ರಿಕೆ ಮತದಾನದ ಹಕ್ಕು ಕೇಳುತ್ತಿದ್ದ ಹೆಂಗಸರನ್ನು ಅಣಕಿಸಲು ‘ಸಫ್ರಜೆಟ್’ ಎಂಬ ಪದ ಬಳಸಿತು. ಆ ಹೆಂಗಸರು ಅದನ್ನೇ ಹೆಮ್ಮೆಯ ಹೆಸರು ಮಾಡಿಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೂ ಅದೇ ಹೆಸರಿಟ್ಟರು. ಇಂದು ಆ ಪದದಲ್ಲಿ ಅಣಕದ ಸುಳಿವೂ ಉಳಿದಿಲ್ಲ. ಸಲಿಂಗಿಗಳನ್ನು ಹೀಗಳೆಯಲು ಬಳಸುತ್ತಿದ್ದ ‘ಕ್ವಿಯರ್’ ಎಂಬ ಪದವೂ ಇದೇ ದಾರಿ ಹಿಡಿಯಿತು. ಈಗ ಅದು ವಿಶ್ವವಿದ್ಯಾಲಯಗಳಲ್ಲಿ ಒಂದು ಅಧ್ಯಯನ ಶಾಖೆಯ ಹೆಸರು.

ಆಡಮ್ ಗ್ಯಾಲಿನ್ಸ್ಕಿ ಮತ್ತು ಸಂಗಡಿಗರು ಇದನ್ನು ಹತ್ತು ಪ್ರಯೋಗಗಳಲ್ಲಿ ಪರೀಕ್ಷಿಸಿ 2013ರಲ್ಲಿ ಮನಶ್ಶಾಸ್ತ್ರ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ಹೀಗಳೆಯುವ ಹೆಸರನ್ನು ಆ ಗುಂಪಿನವರು ತಾವೇ ಹಾಕಿಕೊಂಡಾಗ ಅವರು ಹೆಚ್ಚು ಶಕ್ತಿಯುಳ್ಳವರಂತೆ ತಮಗೂ ಅನ್ನಿಸುತ್ತದೆ, ನೋಡುವವರಿಗೂ ಕಾಣಿಸುತ್ತದೆ. ಆ ಹೆಸರಿನ ಕಹಿಯೂ ಸ್ವಲ್ಪ ಕಡಿಮೆಯಾದಂತೆ ತೋರುತ್ತದೆ. ಬೈಯುವವನ ಕೈಯಲ್ಲಿದ್ದ ಕೋಲನ್ನು ಕಿತ್ತುಕೊಂಡರೆ ಅವನಿಗೆ ಹೊಡೆಯಲು ಏನೂ ಉಳಿಯುವುದಿಲ್ಲ ಎಂಬ ಲೋಕರೂಢಿಯ ಮಾತಿಗೆ ಇದು ಒಂದಿಷ್ಟು ಪುರಾವೆ.

ಆದರೆ ಇಲ್ಲಿ ಒಂದು ಷರತ್ತಿದೆ. ಸಫ್ರಜೆಟ್ ಎಂದು ಕರೆಸಿಕೊಂಡವರೇ ಸಫ್ರಜೆಟ್ ಆದರು. ಕ್ವಿಯರ್ ಎಂದು ಬೈಸಿಕೊಂಡವರೇ ಆ ಪದವನ್ನು ತಮ್ಮದಾಗಿಸಿಕೊಂಡರು. ಪೆಟ್ಟು ತಿಂದವರೇ ಕೋಲು ಕಿತ್ತುಕೊಂಡರು. ಟೊಟೆನ್‌ಹ್ಯಾಮ್ ವಿಷಯದಲ್ಲಿ ಪದ ಗುರಿಯಿಟ್ಟದ್ದು ಯಹೂದಿಗಳಿಗೆ. ಅದನ್ನು ಎತ್ತಿಕೊಂಡವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ. ಮೈದಾನದಿಂದ ಹೊರಬಂದು ಸ್ಕಾರ್ಫ್ ತೆಗೆದ ಮೇಲೆ ಅವರು ಯಾರ ಕಣ್ಣಿಗೂ ‘ಯಿಡ್’ ಅಲ್ಲ. ಯಹೂದಿಗೆ ಆ ಅನುಕೂಲ ಇಲ್ಲ.

ಹಾಗಾದರೆ ನೋವಾಗುತ್ತದೆಯೇ?

ಯಹೂದಿಗಳಲ್ಲೇ ಇದಕ್ಕೆ ಒಂದೇ ಉತ್ತರ ಇಲ್ಲ. ಎರಡೂ ಕಡೆಯ ಮಾತನ್ನು ಕೇಳೋಣ.

ನೋವಿಲ್ಲ ಎನ್ನುವವರ ವಾದ ಹೀಗಿದೆ. ಟೊಟೆನ್‌ಹ್ಯಾಮ್‌ನ ಎಷ್ಟೋ ಯಹೂದಿ ಅಭಿಮಾನಿಗಳು ಈ ಕೂಗನ್ನು ರಕ್ಷಣೆಯಂತೆ ಕಂಡಿದ್ದಾರೆ. ಎದುರು ಕಡೆಯವರು ಗ್ಯಾಸ್ ಸದ್ದು ಮಾಡುತ್ತಿದ್ದಾಗ ತಮ್ಮ ಪಕ್ಕದಲ್ಲಿದ್ದ ಸಾವಿರಾರು ಜನ, ನಾವೂ ಇವರೇ ಎಂದು ನಿಂತರಲ್ಲ, ಅದು ದೊಡ್ಡ ಧೈರ್ಯ ಎನ್ನುತ್ತಾರೆ. ಕೂಗುವವರ ಮನಸ್ಸಿನಲ್ಲಿ ದ್ವೇಷವಿಲ್ಲ, ಪ್ರೀತಿಯಿದೆ. 2013ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಕೂಡ ಬ್ರಿಟನ್ನಿನ ಯಹೂದಿ ಪತ್ರಿಕೆಯೊಂದಿಗೆ ಮಾತನಾಡುತ್ತಾ ಇದೇ ಧಾಟಿಯಲ್ಲಿ ಹೇಳಿದ್ದರು: ಟೊಟೆನ್‌ಹ್ಯಾಮ್ ಅಭಿಮಾನಿ ತನ್ನನ್ನು ತಾನು ಹಾಗೆ ಕರೆದುಕೊಳ್ಳುವುದು ಬೇರೆ, ಇನ್ನೊಬ್ಬರನ್ನು ಅವಮಾನಿಸಲು ಹಾಗೆ ಕರೆಯುವುದು ಬೇರೆ.

ನೋವಿದೆ ಎನ್ನುವವರಲ್ಲಿ ಹೆಚ್ಚು ಕೇಳಿಬಂದ ದನಿ ಹಾಸ್ಯಗಾರ, ಲೇಖಕ ಡೇವಿಡ್ ಬ್ಯಾಡೀಲ್ ಅವರದು. ಅವರು ಯಹೂದಿ, ಚೆಲ್ಸಿ ಅಭಿಮಾನಿ. 2011ರಲ್ಲಿ ಅವರೂ ಅವರ ಸೋದರ ಐವರ್ ಅವರೂ ವರ್ಣಭೇದ ವಿರೋಧಿ ಸಂಸ್ಥೆ ‘ಕಿಕ್ ಇಟ್ ಔಟ್’ ಜೊತೆ ಸೇರಿ ‘ದಿ ವೈ ವರ್ಡ್’ ಎಂಬ ಕಿರುಚಿತ್ರ ಮಾಡಿದರು. ಗ್ಯಾರಿ ಲಿನೆಕರ್, ಲೆಡ್ಲಿ ಕಿಂಗ್, ಫ್ರ್ಯಾಂಕ್ ಲ್ಯಾಂಪಾರ್ಡ್‌ರಂಥ ಆಟಗಾರರು ಅದರಲ್ಲಿ ಕಾಣಿಸಿಕೊಂಡರು. ಬ್ಯಾಡೀಲ್ ಅವರ ವಾದದ ತಿರುಳು ಎರಡು. ಮೊದಲನೆಯದು, ಯಹೂದಿಗಳಲ್ಲದವರಿಗೆ ಈ ಪದವನ್ನು ಮರಳಿ ಪಡೆಯುವ ಹಕ್ಕಿಲ್ಲ, ಅದು ಅವರಿಂದ ಕಿತ್ತುಕೊಂಡದ್ದೇ ಅಲ್ಲ. ಎರಡನೆಯದು, ಬೇರೆ ಜನಾಂಗಗಳ ವಿರುದ್ಧದ ಬೈಗುಳ ಮೈದಾನದಲ್ಲಿ ಕೇಳಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಯಹೂದಿಗಳ ವಿಷಯದಲ್ಲಿ ಮಾತ್ರ ಅದು ಆಟದ ಮೋಜು ಎನ್ನಿಸಿಕೊಳ್ಳುತ್ತದೆ.

ಇನ್ನೂ ಒಂದು ತೊಡಕಿದೆ. ಒಂದು ಕಡೆಯವರು ಹೆಮ್ಮೆಯಿಂದ ಕೂಗಿದ ಪದವನ್ನು ಎದುರು ಕಡೆಯವರು ದ್ವೇಷದಿಂದ ಹಿಂದಿರುಗಿಸುತ್ತಾರೆ. ನಾವು ಟೊಟೆನ್‌ಹ್ಯಾಮ್‌ನವರನ್ನು ಬೈದದ್ದು, ಯಹೂದಿಗಳನ್ನಲ್ಲ ಎಂಬ ನೆಪವೂ ಅವರಿಗೆ ಸಿಗುತ್ತದೆ. 2012ರ ನವೆಂಬರಿನಲ್ಲಿ ರೋಮ್‌ನಲ್ಲಿ ಲಾಟ್ಸಿಯೊ ತಂಡದ ವಿರುದ್ಧದ ಮ್ಯಾಚಿಗೆ ಹೋಗಿದ್ದ ಟೊಟೆನ್‌ಹ್ಯಾಮ್ ಬೆಂಬಲಿಗರ ಮೇಲೆ ಪಬ್ಬೊಂದರಲ್ಲಿ ಗುಂಪು ದಾಳಿ ನಡೆಯಿತು. ಕೆಲವೇ ದಿನಗಳ ನಂತರದ ಮ್ಯಾಚಿನಲ್ಲಿ ವೆಸ್ಟ್ ಹ್ಯಾಮ್‌ನ ಕೆಲವು ಅಭಿಮಾನಿಗಳು ಆ ದಾಳಿಯನ್ನೇ ಹಾಡಿ ಹೊಗಳಿದರು, ಗ್ಯಾಸ್ ಸದ್ದನ್ನೂ ಮಾಡಿದರು. 2017ರಲ್ಲಿ ಚೆಲ್ಸಿಯ ಅಭಿಮಾನಿಗಳು ತಮ್ಮ ಆಟಗಾರ ಆಲ್ವಾರೊ ಮೊರಾಟ ಅವರನ್ನು ಹೊಗಳುವ ಕೂಗಿನಲ್ಲಿ ಈ ಪದ ಸೇರಿಸಿದಾಗ ಕ್ಲಬ್ ಖಂಡಿಸಿತು. ಮೊರಾಟ ಕೂಡ ಎಲ್ಲರನ್ನೂ ಗೌರವಿಸಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ಆಗ ಚೆಲ್ಸಿಯ ಮಾಲೀಕರಾಗಿದ್ದ ರೋಮನ್ ಅಬ್ರಮೊವಿಚ್ ಸ್ವತಃ ಯಹೂದಿ.

ಕ್ಲಬ್ ಅಭಿಮಾನಿಗಳನ್ನೇ ಕೇಳಿದಾಗ

2019ರಲ್ಲಿ ಟೊಟೆನ್‌ಹ್ಯಾಮ್ ಕ್ಲಬ್ ಈ ಬಗ್ಗೆ ಅಭಿಮಾನಿಗಳ ಅಭಿಪ್ರಾಯ ಕೇಳಿತು. 23,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಮುಖ್ಯ ಅಂಶಗಳು ಇವು:

• ಮ್ಯಾಚಿನ ಸಂದರ್ಭದಲ್ಲಿ ಈ ಪದವನ್ನು ನಿಯಮಿತವಾಗಿ ಬಳಸುತ್ತೇವೆ ಎಂದವರು ಶೇ 33.
• ಫುಟ್‌ಬಾಲಿನ ಹೊರಗೂ ಬಳಸುತ್ತೇವೆ ಎಂದವರು ಶೇ 12 ಮಾತ್ರ.
• ಯಹೂದಿಯೊಬ್ಬರ ವಿರುದ್ಧ ಬಳಸಿದರೆ ಇದು ಜನಾಂಗೀಯ ನಿಂದನೆ ಎನ್ನಿಸಿಕೊಳ್ಳಬಹುದು ಎಂದು ಒಪ್ಪಿದವರು ಶೇ 94.
• ಅಭಿಮಾನಿಗಳು ಇದರ ಬಳಕೆಯನ್ನು ಕಡಿಮೆ ಮಾಡಬೇಕು ಅಥವಾ ಪೂರ್ತಿ ನಿಲ್ಲಿಸಬೇಕು ಎಂದವರು ಹತ್ತಿರ ಹತ್ತಿರ ಅರ್ಧದಷ್ಟು.

ಈ ಅಂಕಿಗಳನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಮೈದಾನದಲ್ಲಿ ಹಾಯಾಗಿ ಕೂಗುವವರೂ ಮನೆಯಲ್ಲಿ, ಕಚೇರಿಯಲ್ಲಿ ಅದನ್ನು ಆಡಲು ಹಿಂಜರಿಯುತ್ತಾರೆ. ಅಂದರೆ ಪದದ ವಿಷ ಪೂರ್ತಿ ಇಳಿದಿಲ್ಲ ಎಂಬುದು ಅವರಿಗೂ ಗೊತ್ತು. ‘ಸಫ್ರಜೆಟ್’ ಎಂಬ ಪದಕ್ಕೆ ಹೀಗೆ ಜಾಗ ನೋಡಿ ಆಡಬೇಕಾದ ಅಗತ್ಯ ಇಂದು ಇಲ್ಲ.

ಇನ್ನಷ್ಟು ಚರ್ಚೆಗಳ ನಂತರ 2022ರ ಫೆಬ್ರವರಿಯಲ್ಲಿ ಕ್ಲಬ್ ತನ್ನ ನಿಲುವು ಪ್ರಕಟಿಸಿತು. ಅಭಿಮಾನಿಗಳ ಉದ್ದೇಶ ಒಳ್ಳೆಯದೇ ಆಗಿತ್ತು ಎಂಬುದನ್ನು ಅಲ್ಲಗಳೆಯದೆ, ಈ ಪದವನ್ನು ದಾಟಿ ಮುಂದೆ ಹೋಗುವ ಕಾಲ ಬಂದಿದೆ ಎಂದು ಹೇಳಿತು. ಕೂಗು ಪೂರ್ತಿ ನಿಂತಿಲ್ಲ.

ಕಾನೂನು ಏನು ಹೇಳುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರ ಫುಟ್‌ಬಾಲ್ ಅಪರಾಧ ಕಾಯ್ದೆ ಮ್ಯಾಚಿನಲ್ಲಿ ಜನಾಂಗೀಯ ಘೋಷಣೆ ಕೂಗುವುದನ್ನು ಅಪರಾಧವೆಂದು ಹೇಳುತ್ತದೆ. ಬಣ್ಣ, ಜನಾಂಗ, ರಾಷ್ಟ್ರೀಯತೆ ಅಥವಾ ಮೂಲದ ಕಾರಣಕ್ಕೆ ವ್ಯಕ್ತಿಯನ್ನು ಬೆದರಿಸುವ, ನಿಂದಿಸುವ, ಅವಮಾನಿಸುವ ಮಾತು ಅದರಲ್ಲಿರಬೇಕು.

ಈ ಕಾಯ್ದೆಯಡಿಯ ಒಂದು ಮುಖ್ಯ ತೀರ್ಪು ನಮ್ಮ ಕಡೆಯವರಿಗೂ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರನ್ನೆಲ್ಲ ಹೀಗಳೆಯಲು ‘ಪಾಕಿ’ ಎಂಬ ಪದ ಬಳಸುತ್ತಾರೆ. ಪೋರ್ಟ್ ವೇಲ್ ಮತ್ತು ಓಲ್ಡಮ್ ತಂಡಗಳ ಮ್ಯಾಚಿನಲ್ಲಿ ಆ ಪದ ಸೇರಿಸಿ ಕೂಗಿದ ಪ್ರಕರಣ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ಅದನ್ನು ಅಪರಾಧವೆನ್ನಲಿಲ್ಲ. ಆದರೆ 2003ರಲ್ಲಿ ಹೈಕೋರ್ಟು ಅದು ಜನಾಂಗೀಯ ನಿಂದನೆಯೇ ಎಂದು ತೀರ್ಪು ಕೊಟ್ಟಿತು. ಆಟದ ಮೈದಾನದ ಛೇಡಿಕೆ ಎಂಬ ನೆಪ ಅಲ್ಲಿ ನಡೆಯಲಿಲ್ಲ.

ಟೊಟೆನ್‌ಹ್ಯಾಮ್ ವಿಷಯ ಇಷ್ಟು ಸರಳವಾಗಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಯಾರೇ ಬಳಸಿದರೂ ಈ ಪದ ಅವಮಾನಕರ ಎನ್ನಿಸಬಹುದು, ಮೊಕದ್ದಮೆಗೂ ಕಾರಣವಾಗಬಹುದು ಎಂದು ಎಚ್ಚರಿಸಿತು. ಲಂಡನ್ ಪೊಲೀಸರೂ ಎಚ್ಚರಿಕೆ ಕೊಟ್ಟರು. ಮೂವರು ಟೊಟೆನ್‌ಹ್ಯಾಮ್ ಬೆಂಬಲಿಗರ ಮೇಲೆ ಆರೋಪ ಹೊರಿಸಲಾಯಿತು. 2014ರ ಮಾರ್ಚಿನಲ್ಲಿ ಸರ್ಕಾರಿ ಅಭಿಯೋಜನಾ ಇಲಾಖೆ ಆ ಮೊಕದ್ದಮೆಗಳನ್ನು ಕೈಬಿಟ್ಟಿತು. ಕೂಗಿದ ಸಂದರ್ಭವನ್ನು ನೋಡಿದರೆ ಅಪರಾಧ ಸಾಬೀತಾಗುವುದು ಕಷ್ಟ ಎಂಬುದು ಕಾರಣ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಟೊಟೆನ್‌ಹ್ಯಾಮ್ ಬೆಂಬಲಿಗ ತನ್ನ ತಂಡಕ್ಕಾಗಿ ಕೂಗುವುದನ್ನು ಕಾನೂನು ತಾನಾಗಿಯೇ ಅಪರಾಧ ಎನ್ನುವುದಿಲ್ಲ. ಅದೇ ಪದವನ್ನು ದ್ವೇಷದಿಂದ ಎಸೆದವರಿಗೆ ಶಿಕ್ಷೆಯಾಗಬಹುದು. ಆದರೆ ಅಪರಾಧವಲ್ಲ ಎಂದಮಾತ್ರಕ್ಕೆ ನೋವಿಲ್ಲ ಎಂದರ್ಥವಲ್ಲ. ಕಾನೂನು ತಪ್ಪಿತಸ್ಥ ಯಾರು ಎಂದು ಹುಡುಕುವಾಗ ಉದ್ದೇಶವನ್ನು ನೋಡುತ್ತದೆ. ಕಿವಿಗೆ ಬಿದ್ದ ಮಾತು ಕೂಗಿದವನ ಉದ್ದೇಶವನ್ನು ಕೇಳಿಕೊಂಡು ಒಳಗೆ ಹೋಗುವುದಿಲ್ಲ.

ಬೇರೆ ದೇಶಗಳಲ್ಲೂ ಹೀಗೆಯೇ?

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರದ ಅಯಾಕ್ಸ್ ಕ್ಲಬ್ಬಿನದು ಇಂಥದ್ದೇ ಕಥೆ. ಅದರ ಹಳೆಯ ಮೈದಾನ ಯಹೂದಿಗಳು ಹೆಚ್ಚಾಗಿ ವಾಸಿಸುತ್ತಿದ್ದ ನಗರದ ಪೂರ್ವ ಭಾಗದಲ್ಲಿತ್ತು. ಅಲ್ಲಿನ ಕಟ್ಟಾ ಅಭಿಮಾನಿಗಳು ತಮ್ಮನ್ನು ‘ಯೋಡೆನ್’, ಅಂದರೆ ಡಚ್ ಭಾಷೆಯಲ್ಲಿ ಯಹೂದಿಗಳು, ಎಂದು ಕರೆದುಕೊಳ್ಳುತ್ತಾರೆ. ಹೆಚ್ಚಿನವರು ಯಹೂದಿಗಳಲ್ಲ. ಎದುರಾಳಿ ತಂಡಗಳ ಅಭಿಮಾನಿಗಳು ಅದಕ್ಕೆ ಉತ್ತರವಾಗಿ ಗ್ಯಾಸ್ ಚೇಂಬರಿನ ಮಾತೆತ್ತುತ್ತಾರೆ. ಆ ದೇಶದಲ್ಲಿದ್ದ ಸುಮಾರು 1.4 ಲಕ್ಷ ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ನಾಜಿಗಳು ಕೊಂದರು. ಅಂಥ ನೆಲದಲ್ಲಿ ಈ ಕೂಗು ಏನು ಮಾಡುತ್ತದೆ ಎಂಬುದನ್ನು ಊಹಿಸಬಹುದು.

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕ್ರಾಕೋವಿಯಾ ಎಂಬ ಕ್ಲಬ್ ಇದೆ. ಅದೇ ಊರಿನ ವಿಸ್ವಾ ಕ್ಲಬ್ಬಿನ ಅಭಿಮಾನಿಗಳು ಇವರನ್ನು ಯಹೂದಿಗಳೆಂದು ಹೀಗಳೆಯುತ್ತಾರೆ. ಕ್ರಾಕೋವಿಯಾದ ಕೆಲವು ಅಭಿಮಾನಿಗಳು ಅದನ್ನೇ ತಮ್ಮ ಗುಂಪಿನ ಹೆಸರು ಮಾಡಿಕೊಂಡಿದ್ದಾರೆ. ಯುದ್ಧಕ್ಕೆ ಮುಂಚೆ ಆ ನಗರದಲ್ಲಿ ಹತ್ತಾರು ಸಾವಿರ ಯಹೂದಿಗಳಿದ್ದರು. ಇಂದು ಅಲ್ಲಿರುವವರು ಬಹಳ ಕಡಿಮೆ. ಯಹೂದಿಗಳು ಬಹುತೇಕ ಇಲ್ಲದಂತಾದ ಊರಿನಲ್ಲಿ ಯಹೂದಿ ಎಂಬ ಹೆಸರು ಫುಟ್‌ಬಾಲಿನ ಬೈಗುಳವಾಗಿ ಗೋಡೆಗಳ ಮೇಲೆ ಉಳಿದಿದೆ.

ಹರಿದಾಡುವ ಮಾತು, ನಿಜ ಸಂಗತಿ

ಮಾತು: ಆಕ್ಸ್‌ಫರ್ಡ್ ನಿಘಂಟೇ ‘ಯಿಡ್’ ಎಂದರೆ ಟೊಟೆನ್‌ಹ್ಯಾಮ್ ಅಭಿಮಾನಿ ಎಂದು ಬರೆದಿದೆ, ಆದ್ದರಿಂದ ಅದು ಬೈಗುಳವಲ್ಲ.
ನಿಜ: 2020ರಲ್ಲಿ ಆ ನಿಘಂಟು ಇಂಥ ಅರ್ಥವನ್ನು ಸೇರಿಸಿದ್ದು ಹೌದು. ನಿಘಂಟು ಜನರ ಬಳಕೆಯನ್ನು ದಾಖಲಿಸುತ್ತದೆ, ಅದಕ್ಕೆ ಪರವಾನಗಿ ಕೊಡುವುದಿಲ್ಲ. ಪದ ಅವಮಾನಕರ ಎಂಬ ಗುರುತು ಅಲ್ಲಿ ಹಾಗೆಯೇ ಇದೆ. ಈ ಸೇರ್ಪಡೆ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತದೆ ಎಂದು ಕ್ಲಬ್ ಆಗ ಟೀಕಿಸಿತ್ತು.

ಮಾತು: ಇದು ಇಸ್ರೇಲ್ ಪರ ಘೋಷಣೆ.
ನಿಜ: ಕೆಲವು ಅಭಿಮಾನಿಗಳು ಇಸ್ರೇಲಿನ ಬಾವುಟ ತಂದದ್ದುಂಟು. ಆದರೆ ಹೆಸರು ಹುಟ್ಟಿದ್ದು ಲಂಡನ್ನಿನ ಬೀದಿ ಮತ್ತು ಮೈದಾನಗಳ ಜಗಳದಿಂದ. ಪಶ್ಚಿಮ ಏಷ್ಯಾದ ರಾಜಕೀಯದಿಂದಲ್ಲ. ಈ ಪದ ಒಂದು ಜನಸಮುದಾಯದ ಕುರಿತದ್ದು, ಒಂದು ದೇಶದ ಸರ್ಕಾರದ ಕುರಿತದ್ದಲ್ಲ.

ಮಾತು: ಕೂಗುವವರೆಲ್ಲ ಯಹೂದಿ ದ್ವೇಷಿಗಳು.
ನಿಜ: ಟೊಟೆನ್‌ಹ್ಯಾಮ್ ಬೆಂಬಲಿಗರ ಮಟ್ಟಿಗೆ ಇದು ತಪ್ಪು. ಅವರಲ್ಲಿ ಹೆಚ್ಚಿನವರಿಗೆ ಅದು ತಂಡದ ಹೆಸರು. ಎದುರಾಳಿಗಳು ಅದೇ ಪದದ ಜೊತೆ ಗ್ಯಾಸ್ ಸದ್ದು, ಹಿಟ್ಲರನ ಹೆಸರು ಸೇರಿಸಿದರೆ ಅದು ನಿಸ್ಸಂದೇಹವಾಗಿ ದ್ವೇಷ.

ಮಾತು: ಅವರೇ ಕರೆದುಕೊಳ್ಳುತ್ತಾರಲ್ಲ, ನಾವೂ ಕರೆಯಬಹುದು.
ನಿಜ: ಇದು ಎಲ್ಲಕ್ಕಿಂತ ಅಪಾಯದ ಮಾತು. ಜಾತಿಯ ಹೆಸರಾಗಲಿ, ಜನಾಂಗದ ಹೆಸರಾಗಲಿ, ಒಳಗಿನವರು ಆಡುವುದಕ್ಕೂ ಹೊರಗಿನವರು ಆಡುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಫಾರ್ವರ್ಡ್ ಮಾಡುವ ಮುನ್ನ

ಈ ಪದ ಒಂದೇ ಸಮಯದಲ್ಲಿ ಗುರಾಣಿಯೂ ಹೌದು, ಗಾಯವೂ ಹೌದು. ಗುರಾಣಿ ಹಿಡಿದವರ ಮನಸ್ಸು ಒಳ್ಳೆಯದಿತ್ತು ಎಂಬುದನ್ನು ಚರಿತ್ರೆ ಹೇಳುತ್ತದೆ. ಆದರೆ ಆ ಪದವನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಯಾರ ಮೇಲೆ ಅದು ಎಸೆಯಲ್ಪಟ್ಟಿತೋ ಅವರ ಮಾತಿಗೆ ಹೆಚ್ಚು ತೂಕ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಅವರಲ್ಲೇ ಭಿನ್ನಾಭಿಪ್ರಾಯ ಇರುವಾಗ, ನೋವಾಗುತ್ತದೆ ಎನ್ನುವವರನ್ನು ನಿಮಗೆ ಅರ್ಥವಾಗಿಲ್ಲ ಎಂದು ತಳ್ಳಿಹಾಕುವುದು ಸರಿಯಲ್ಲ.

ಮೈದಾನದಲ್ಲಿ ಕೂತವರಿಗೆ ಯಾರು, ಯಾರಿಗೆ, ಏಕೆ ಕೂಗುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ. ಹದಿನೈದು ಸೆಕೆಂಡಿನ ವಿಡಿಯೊ ನಿಮ್ಮ ಮೊಬೈಲಿಗೆ ಬರುವಾಗ ಅದೆಲ್ಲ ಕಳಚಿ ಬಿದ್ದು ಪದ ಮಾತ್ರ ಉಳಿದಿರುತ್ತದೆ. ಅದಕ್ಕೆ ಯಾರೋ ಒಬ್ಬರು ತಮಗೆ ಬೇಕಾದ ಶೀರ್ಷಿಕೆ ಅಂಟಿಸಿರುತ್ತಾರೆ. ಆದ್ದರಿಂದ ಇಂಥ ತುಣುಕು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಕೂಗುತ್ತಿರುವವರು ತಮ್ಮ ಬಗ್ಗೆ ಹೇಳುತ್ತಿದ್ದಾರೆಯೇ, ಎದುರಿನವರ ಬಗ್ಗೆಯೇ?
2. ಈ ಪದ ಮೊದಲು ಯಾರ ಮೇಲೆ ಬೈಗುಳವಾಗಿ ಬಿದ್ದದ್ದು? ಅವರು ಇದರ ಬಗ್ಗೆ ಏನು ಹೇಳುತ್ತಾರೆ?
3. ಜೊತೆಗಿರುವ ಶೀರ್ಷಿಕೆ ವಿಡಿಯೊದಲ್ಲಿ ಇರುವುದನ್ನೇ ಹೇಳುತ್ತಿದೆಯೇ, ಇಲ್ಲದ್ದನ್ನು ಸೇರಿಸುತ್ತಿದೆಯೇ?

ಮೂರಕ್ಕೂ ಉತ್ತರ ಸಿಕ್ಕಿದರೆ ಆ ವಿವರವನ್ನೂ ಸೇರಿಸಿ ಹಂಚಿ. ಸಿಗದಿದ್ದರೆ ಹಂಚದೆ ಬಿಡಿ. ಗುಂಪಿನಲ್ಲಿ ಯಾರಾದರೂ ಆ ಪದವನ್ನು ತಮಾಷೆಗೆ ಬಳಸತೊಡಗಿದರೆ ಅದು ಎಲ್ಲಿಂದ ಬಂದ ಮಾತು ಎಂಬುದನ್ನು ಅವರಿಗೂ ತಿಳಿಸಿ.